ಬೈದರೂ ಬೆನ್ನಿಗೆ ನಿಲ್ಲುವ ಸಾಹೇಬರು ಬೇಕಾ, ಮೆತ್ತಗೆ ಮಾತಾಡುವ ಸಾಹೇಬರು ಬೇಕಾ?

ಚಾಕಣ್ ಲೈನ್ (ಶನಿವಾರ, ರಾತ್ರಿ 9:10)

ಎಲ್ಲರಿಗೂ ನಮಸ್ಕಾರ. ಪುಣೆ ಹತ್ತಿರ ಚಾಕಣ್‌ನಲ್ಲಿ ಗಾಡಿಗಳ ವೈರಿಂಗ್ ಹಾರ್ನೆಸ್ (ಗಾಡಿಯೊಳಗಿನ ವೈರುಗಳ ಕಟ್ಟು) ಮಾಡುವ ಕಂಪನಿಯಲ್ಲಿ ಕೆಲಸ ಮಾಡುತ್ತೇನೆ. ಊರು ವಿಜಯಪುರ ಕಡೆ. ಮುಂದಿನ ತಿಂಗಳು ನನ್ನನ್ನು ಲೈನ್ ಲೀಡರ್ ಮಾಡುತ್ತಾರಂತೆ. ಅದಕ್ಕೇ ಈ ಪ್ರಶ್ನೆ.

ನಮ್ಮ ಹಳೇ ಸಾಹೇಬರು ನಿಪ್ಪಾಣಿಯವರು. ಸಿಟ್ಟು ಜಾಸ್ತಿ. ಎಲ್ಲರ ಎದುರಿಗೇ ಬೈಯುತ್ತಿದ್ದರು. ಆದರೆ ಯಾರ ಮನೆಯಲ್ಲಿ ಏನು ಕಷ್ಟ ಅಂತ ಅವರಿಗೆ ಗೊತ್ತಿರುತ್ತಿತ್ತು. ನನ್ನ ಅಮ್ಮನ ಆಪರೇಷನ್‌ಗೆ ಅಡ್ವಾನ್ಸ್ ಕೊಡೋಕಾಗಲ್ಲ ಅಂತ ಎಚ್‌ಆರ್ ಅಂದಾಗ ಅವರೇ ಹೋಗಿ ಕೂತು ಕೊಡಿಸಿದರು. ಕಸ್ಟಮರ್ ಕಡೆಯಿಂದ ಮಾಲು ವಾಪಸ್ ಬಂದರೆ "ಲೈನ್ ನನ್ನದು, ಕೇಳೋದಿದ್ದರೆ ನನ್ನನ್ನ ಕೇಳಿ" ಅಂತ ಮೇಲಿನವರ ಮುಂದೆ ನಿಲ್ಲುತ್ತಿದ್ದರು.

ಹೊಸ ಸಾಹೇಬರು ಪುಣೆಯವರೇ, ವಯಸ್ಸು ಕಡಿಮೆ. ದನಿ ಏರಿಸಿದ್ದನ್ನು ಯಾರೂ ಕೇಳಿಲ್ಲ. ಪ್ರತಿ ಸೋಮವಾರ ಮೀಟಿಂಗ್ ಕರೆದು ನಿಮ್ಮ ಅಭಿಪ್ರಾಯ ಹೇಳಿ ಅನ್ನುತ್ತಾರೆ. ಮೊದಮೊದಲು ನಾವೂ ಹೇಳಿದೆವು. ಆಮೇಲೆ ಒಂದು ಸಲ ಕ್ರಿಂಪ್ (ವೈರ್ ತುದಿಗೆ ಲೋಹದ ಟರ್ಮಿನಲ್ ಒತ್ತಿ ಕೂರಿಸೋದು) ಸಡಿಲ ಅಂತ ಒಂದು ಲಾಟ್ ವಾಪಸ್ ಬಂತು. ಆ ಮಷೀನ್ ಮೇಲಿದ್ದ ಹುಡುಗಿಯ ಹೆಸರು, ಟೋಕನ್ ನಂಬರ್ ಸಮೇತ ಮೇಲಿನವರೆಗೂ ಮೇಲ್ ಹೋಯಿತು. ಅವಳು ಅಳುತ್ತಾ ಬಸ್ ಹತ್ತಿದಳು. ಅವತ್ತಿನಿಂದ ಸೋಮವಾರದ ಮೀಟಿಂಗ್‌ನಲ್ಲಿ ಯಾರೂ ಬಾಯಿ ಬಿಡುತ್ತಿಲ್ಲ.

ಹಳೇ ಸಾಹೇಬರೇ ಚೆನ್ನಾಗಿದ್ದರು ಅಂತ ಲೈನ್‌ನಲ್ಲಿ ಎಲ್ಲರೂ ಹೇಳುತ್ತಾರೆ. ನನಗೂ ಹಾಗೇ ಅನಿಸುತ್ತದೆ. ಆದರೆ ಒಂದು ಮಾತು ಮನಸ್ಸಿನಲ್ಲಿ ಕೊರೆಯುತ್ತಿದೆ. ಅವರ ಕಾಲದಲ್ಲಿ ತಪ್ಪು ಪೀಸ್ ಕಣ್ಣಿಗೆ ಬಿದ್ದರೂ ಯಾರೂ ಹೇಳುತ್ತಿರಲಿಲ್ಲ. ಬೈಗುಳ ಯಾರಿಗೆ ಬೇಕು ಅಂತ ಸುಮ್ನೆ ಟ್ರೇಗೆ ಹಾಕಿಬಿಡುತ್ತಿದ್ದರು. ಈಗ ಹೇಳಿ, ನಾನು ಯಾರ ಹಾಗೆ ಆಗಬೇಕು?

ಮಾಟುಂಗಾ ಮಾಮ (9:32)

ತಂಗೀ, ನನ್ನ ಓಟು ಹಳೇ ಸಾಹೇಬರಿಗೆ. ನಾನು ಕುಂದಾಪುರ ಬಿಟ್ಟು ಬೊಂಬಾಯಿಗೆ ಬಂದಾಗ ಇನ್ನೂ ಮೀಸೆ ಮೂಡಿರಲಿಲ್ಲ. ಹೋಟೆಲಿನಲ್ಲಿ ಕಪ್ಪು ಬಸಿ ತೊಳೆಯುವ ಕೆಲಸ. ಧಣಿಗಳು ಬೈಯುತ್ತಿದ್ದರು, ಒಮ್ಮೊಮ್ಮೆ ಕೈಯೂ ಮಾಡುತ್ತಿದ್ದರು. ಆದರೆ ಸಂಜೆಯಾದರೆ "ಹೋಗೋ, ಶಾಲೆಗೆ ಹೊತ್ತಾಯ್ತು" ಅಂತ ಅವರೇ ಅಟ್ಟುತ್ತಿದ್ದರು. ಆಗ ಮುಂಬಯಿಯಲ್ಲಿ ಕನ್ನಡ ರಾತ್ರಿಶಾಲೆಗಳು ಜೋರಾಗಿ ನಡೆಯುತ್ತಿದ್ದವು. ಹಗಲು ಹೋಟೆಲು, ರಾತ್ರಿ ಪಾಠ ಅಂತ ಓದಿ ಬ್ಯಾಂಕು ಸೇರಿದವರು, ವಕೀಲರಾದವರು, ತಮ್ಮದೇ ಹೋಟೆಲು ಹಾಕಿದವರು ಎಷ್ಟೋ ಜನ ಇದ್ದಾರೆ ಮಾರಾಯ್ರೆ. ಆ ಧಣಿಗಳು ಯಾವ ಕಾಲೇಜಿನಲ್ಲೂ ಮ್ಯಾನೇಜ್‌ಮೆಂಟ್ ಕಲಿತವರಲ್ಲ. ಕೆಲಸದ ಹುಡುಗ ನಮ್ಮ ಮನೆಯವನು ಅನ್ನೋದು ಅವರಿಗೆ ಗೊತ್ತಿತ್ತು. ಈಗಿನ ಮ್ಯಾನೇಜರಿಗೆ ಕೆಳಗಿನವರ ಹೆಸರು ಗೊತ್ತಿರೋದು ಮೇಲ್ ಬರೆಯೋವಾಗ ಮಾತ್ರ.

ಘಾಟ್ಕೋಪರ್ ಹುಡುಗಿ (9:41)

ಮಾಮ, ನನ್ನ ಅಪ್ಪನೂ ಹೋಟೆಲಿನಲ್ಲೇ ದುಡಿದವರು. ಸಂಬಳ ಧಣಿ ಹತ್ತಿರವೇ ಜಮೆ. ಬೇಕಾದಾಗ ಕೇಳಿ ತಗೊಳ್ಳೋದು. ಅಜ್ಜಿ ತೀರಿಕೊಂಡಾಗ ಊರಿಗೆ ಹೋಗಲು ತನ್ನದೇ ದುಡ್ಡು ಕೇಳೋಕೆ ಅಪ್ಪ ಗಲ್ಲಾ ಮುಂದೆ ಗಿರಾಕಿ ಖಾಲಿಯಾಗುವವರೆಗೂ ನಿಂತಿದ್ದರಂತೆ. ಧಣಿ ಕೊಟ್ಟರು, ಮೇಲೆ ಸ್ವಲ್ಪ ಜಾಸ್ತಿಯೂ ಕೊಟ್ಟರು. ಅಪ್ಪ ಇವತ್ತಿಗೂ ಅದನ್ನು ನೆನೆಸಿ ಕೈಮುಗಿಯುತ್ತಾರೆ. ನನಗೆ ಮಾತ್ರ ಆ ನಿಂತದ್ದು ಮರೆಯೋಕಾಗಲ್ಲ. ಧಣಿ ಒಳ್ಳೆಯವರಾದ್ದರಿಂದ ಸಿಕ್ಕಿತು. ಕೆಟ್ಟವರಾಗಿದ್ದರೆ? ರಜೆ, ಸಂಬಳ ಇವೆಲ್ಲ ಒಬ್ಬರ ಮನಸ್ಸಿನ ಮೇಲೆ ನಿಂತಿರಬಾರದು. ಮಕ್ಕಳ ಮೇಲೆ ಕೈ ಮಾಡೋದಂತೂ ಯಾವ ಕಾಲಕ್ಕೂ ತಪ್ಪು.

ಮಾಟುಂಗಾ ಮಾಮ (9:48)

ಕೈ ಮಾಡಿದ್ದು ತಪ್ಪೇ ಮಗಳೇ, ಅದನ್ನು ನಾನು ಸರಿ ಅನ್ನೋದಿಲ್ಲ. ಆದರೆ ಕಾಯಿಲೆ ಬಿದ್ದಾಗ ಕೆಇಎಂ ಆಸ್ಪತ್ರೆಯ ಸಾಲಿನಲ್ಲಿ ನನ್ನ ಜೊತೆ ನಿಂತದ್ದೂ ಅದೇ ಧಣಿ. ಎರಡೂ ನಡೆದದ್ದೇ.

ಹಿಂಜವಡಿ ಹುಡುಗ (9:55)

ಅಕ್ಕಾ, ನಿಮ್ಮ ಹೊಸ ಸಾಹೇಬರು ಎಲ್ಲರನ್ನೂ ಕೇಳಿ ನಡೆಯುವವರು ಅಂತ ನಾನು ಒಪ್ಪಲ್ಲ. ಅಭಿಪ್ರಾಯ ಕೇಳೋದು ಬೇರೆ, ಹೊಣೆ ಹಂಚಿಕೊಳ್ಳೋದು ಬೇರೆ. ಐಟಿಯಲ್ಲಿ ಇದನ್ನು ದಿನಾ ನೋಡ್ತೀವಿ. ಬಾಸ್‌ಗೆ ಸರ್ ಅನ್ನಬಾರದು, ಹೆಸರು ಹಿಡಿದೇ ಕರೀಬೇಕು. ಯಾವಾಗ ಬೇಕಾದರೂ ಬಂದು ಮಾತಾಡಿ ಅಂತಾರೆ. ಡೆಡ್‌ಲೈನ್ ಆಗಲ್ಲ ಅಂತ ಮೀಟಿಂಗ್‌ನಲ್ಲಿ ಹೇಳಿದವನಿಗೆ ಅಪ್ರೈಸಲ್‌ನಲ್ಲಿ "ನೆಗೆಟಿವ್ ಮನೋಭಾವ" ಅಂತ ಬರೀತಾರೆ. ಒಬ್ಬನಿಗೆ ಹಾಗಾದರೆ ಸಾಕು, ಇಡೀ ಟೀಮ್ ಪಾಠ ಕಲಿಯುತ್ತೆ. ನಿಮ್ಮ ಸಾಹೇಬರ ಒಂದು ಮೇಲ್ ಮಾಡಿದ್ದೂ ಅದನ್ನೇ.

ಮುಲುಂಡ್ ಮೇಡಂ (10:12)

ಕಾಲೇಜಿನಲ್ಲಿ ಈ ವಿಷಯವನ್ನೇ ಪಾಠ ಮಾಡುತ್ತೇನೆ, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ. 1933ರಲ್ಲಿ ಹಿಟ್ಲರನ ಜರ್ಮನಿ ಬಿಟ್ಟು ಅಮೆರಿಕಕ್ಕೆ ಬಂದ ಕರ್ಟ್ ಲೆವಿನ್ ಅನ್ನುವ ಮನಃಶಾಸ್ತ್ರಜ್ಞ ಇದ್ದರು. ಅವರೂ ಅವರ ಜೊತೆಗಾರರಾದ ಲಿಪ್ಪಿಟ್, ವೈಟ್ ಕೂಡ ಅಯೋವಾದಲ್ಲಿ ಒಂದು ಪ್ರಯೋಗ ಮಾಡಿದರು. 1939ರಲ್ಲಿ ಅದು ಪ್ರಕಟವಾಯಿತು. ಸುಮಾರು 10 ವರ್ಷದ ಹುಡುಗರ ಕ್ಲಬ್ಬುಗಳು. ಮುಖವಾಡ ಮಾಡೋದು, ಸೋಪು ಕೆತ್ತೋದು ಇಂಥ ಕೆಲಸ. ಒಬ್ಬ ನಾಯಕ ಎಲ್ಲವನ್ನೂ ತಾನೇ ಹೇಳುತ್ತಾನೆ, ಮುಂದಿನ ಹೆಜ್ಜೆ ಏನು ಅಂತಲೂ ಬಿಟ್ಟುಕೊಡೋದಿಲ್ಲ. ಇನ್ನೊಬ್ಬ ಹುಡುಗರ ಜೊತೆ ಕೂತು ತೀರ್ಮಾನ ಮಾಡುತ್ತಾನೆ. ಮೂರನೆಯವನು ಏನಾದರೂ ಮಾಡಿಕೊಳ್ಳಿ ಅಂತ ಬಿಟ್ಟುಬಿಡುತ್ತಾನೆ.

ಹೇಳಿದ್ದನ್ನು ಮಾಡಿಸುವ ನಾಯಕನ ಗುಂಪು ಅವನು ಕೋಣೆಯಲ್ಲಿ ಇರುವವರೆಗೆ ಚೆನ್ನಾಗಿ ಕೆಲಸ ಮಾಡಿತು. ಹೊರಗೆ ಹೋದ ಕೂಡಲೇ ಕೆಲಸ ಕುಸಿಯಿತು. ಜೊತೆಗೆ ಕೂತು ತೀರ್ಮಾನ ಮಾಡಿದ ಗುಂಪು ಅವನಿಲ್ಲದಾಗಲೂ ಹೆಚ್ಚುಕಡಿಮೆ ಅದೇ ರೀತಿ ನಡೆಯಿತು. ಬಿಟ್ಟುಬಿಟ್ಟ ಗುಂಪಿನ ಕೆಲಸ ಕಡಿಮೆ, ಬೇಸರ ಜಾಸ್ತಿ.

ಹಾಗಾಗಿ ನಿಮ್ಮನ್ನು ಕೇಳುತ್ತೇನೆ. ಹಳೇ ಸಾಹೇಬರು ರಜೆ ಹಾಕಿದ ದಿನ ಲೈನ್ ಹೇಗೆ ನಡೆಯುತ್ತಿತ್ತು?

ಚಾಕಣ್ ಲೈನ್ (10:20)

ಮೇಡಂ, ನಿಜ ಹೇಳಬೇಕು ಅಂದ್ರೆ ಅವತ್ತು ಹಬ್ಬ. ಟೀ ಬ್ರೇಕ್ ಉದ್ದ ಆಗುತ್ತಿತ್ತು. ವೈರ್ ಎಳೆದು ನೋಡುವ ಪುಲ್ ಟೆಸ್ಟ್ ಮಾಡದೆ ರಿಜಿಸ್ಟರಿನಲ್ಲಿ ಅಂಕಿ ಬರೆಯುವವರೂ ಇದ್ದರು.

ಪಿಂಪ್ರಿ ಫಿಟ್ಟರ್ (10:34)

ಮೇಡಂ, ಸೋಪು ಕೆತ್ತುವ ಹುಡುಗರಿಗೆ ಮನೆ ಸಾಲದ ಕಂತು ಇರಲಿಲ್ಲ. ಸಾಯಂಕಾಲ ಅಮ್ಮ ಊಟ ಹಾಕುತ್ತಿದ್ದಳು. ಕಾರ್ಖಾನೆಯಲ್ಲಿ ಕೆಲಸ ಹೋದರೆ ಒಲೆ ಹತ್ತೋದಿಲ್ಲ. ಅಯೋವಾದ ಮಕ್ಕಳನ್ನು ನೋಡಿ ಚಾಕಣ್‌ಗೆ ಪಾಠ ಹೇಳೋದು ಸರಿಯಲ್ಲ. ನಾನು ಪಿಂಪ್ರಿಯಲ್ಲಿ ಫಿಟ್ಟರ್ ಆಗಿ ರಿಟೈರ್ ಆದವನು. ನಮ್ಮವರಿಗೆ ಗಟ್ಟಿ ಕೈ ಬೇಕೇ ಬೇಕು. ಮೆತ್ತಗಿನ ಸಾಹೇಬನ ತಲೆ ಮೇಲೆ ಕೂರುತ್ತಾರೆ.

ಮುಲುಂಡ್ ಮೇಡಂ (10:50)

ಅಣ್ಣಾ, ಇದೇ ಪ್ರಶ್ನೆಯನ್ನು ನಮ್ಮ ದೇಶದವರೇ ಕೇಳಿದ್ದಾರೆ. ಪಟ್ನಾದಲ್ಲಿ ಕೆಲಸ ಮಾಡಿದ ಜೆ.ಬಿ.ಪಿ. ಸಿನ್ಹಾ ಅನ್ನುವ ಮನಃಶಾಸ್ತ್ರಜ್ಞರು ಭಾರತದ ಕಚೇರಿ, ಕಾರ್ಖಾನೆಗಳನ್ನು ನೋಡಿ 1980ರಲ್ಲಿ ತಮ್ಮ ಸಿದ್ಧಾಂತವನ್ನು ಪುಸ್ತಕವಾಗಿ ತಂದರು. ಅಮೆರಿಕದಿಂದ ತಂದ "ಎಲ್ಲರೂ ಸಮಾನರು, ಕೂತು ಮಾತಾಡೋಣ" ಅನ್ನೋದು ಮೊದಲ ದಿನವೇ ಇಲ್ಲಿ ನಡೆಯೋದಿಲ್ಲ ಅಂದರು. ಇಲ್ಲಿ ಕೆಳಗಿನವರು ಮೇಲಿನವರಿಂದ ಆಸರೆ ಬಯಸುತ್ತಾರೆ, ಒಂದು ಹತ್ತಿರದ ಸಂಬಂಧ ಬಯಸುತ್ತಾರೆ. ಅದನ್ನು ಕೊಡಬೇಕು. ಆದರೆ ಪುಕ್ಕಟೆಯಾಗಿ ಅಲ್ಲ, ಕೆಲಸಕ್ಕೆ ಕಟ್ಟಿ ಕೊಡಬೇಕು. ಕೆಲಸ ಚೆನ್ನಾಗಿ ಮಾಡಿದವರಿಗೆ ಅಕ್ಕರೆ, ಕಲಿಯುವವರಿಗೆ ಕೈಹಿಡಿದು ಕಲಿಸೋದು.

ಜನ ಮರೆಯುವ ಭಾಗ ಇನ್ನೊಂದಿದೆ. ಕೆಳಗಿನವರು ಬೆಳೆಯುತ್ತಾ ಹೋದ ಹಾಗೆ ನಾಯಕ ಹಗ್ಗ ಸಡಿಲ ಮಾಡುತ್ತಾ, ತೀರ್ಮಾನದಲ್ಲಿ ಅವರನ್ನು ಸೇರಿಸುತ್ತಾ ಹೋಗಬೇಕು. ಇಲ್ಲದಿದ್ದರೆ ಅವರು ಯಾವತ್ತೂ ಸಾಹೇಬರ ಮುಖ ನೋಡುತ್ತಲೇ ಉಳಿಯುತ್ತಾರೆ. ನಮ್ಮ ಧಣಿಗಳು, ನಿಪ್ಪಾಣಿ ಸಾಹೇಬರು ಮೊದಲನೇ ಅರ್ಧ ಚೆನ್ನಾಗಿ ಮಾಡಿದರು. ಎರಡನೇ ಅರ್ಧಕ್ಕೆ ಬರಲೇ ಇಲ್ಲ.

ಪಿಂಪ್ರಿ ಫಿಟ್ಟರ್ (11:02)

ಇದು ಒಪ್ಪುವ ಮಾತು. ನನಗೆ ಕೆಲಸ ಕಲಿಸಿದ ಫೋರ್‌ಮನ್ ಹಾಗೇ ಇದ್ದರು. ಮೊದಲು ಕೈ ಹಿಡಿದು ಫೈಲ್ ಹಿಡಿಯೋದು ಕಲಿಸಿದರು. ಆಮೇಲೆ ಡ್ರಾಯಿಂಗ್ ಕೈಗೆ ಕೊಟ್ಟು "ಇದನ್ನ ಹೇಗೆ ಮಾಡ್ತೀಯ, ನೀನೇ ಹೇಳು" ಅನ್ನುತ್ತಿದ್ದರು. ತಪ್ಪು ಹೇಳಿದರೂ ಪೂರ್ತಿ ಕೇಳುತ್ತಿದ್ದರು. ಆದರೂ ಗಟ್ಟಿ ಕೈ ಬೇಕು ಅನ್ನೋದನ್ನು ನಾನು ಬಿಡೋದಿಲ್ಲ.

ಡೊಂಬಿವಲಿ ಲೋಕಲ್ (11:15)

ಎಲ್ಲರೂ ಮೇಲಿನವರ ಬಗ್ಗೆಯೇ ಮಾತಾಡುತ್ತಿದ್ದೀರಿ. ಹಿಂದೆ ನಡೆಯುವವರ ಬಗ್ಗೆ ಯಾರು ಮಾತಾಡೋದು? ನನ್ನ ಅಪ್ಪ ಪರೇಲ್‌ನ ಮಿಲ್ಲಿನಲ್ಲಿದ್ದರು. 1982ರ ಜನವರಿ 18ಕ್ಕೆ ಮುಷ್ಕರ ಶುರುವಾದಾಗ ಸುಮಾರು ಎರಡೂವರೆ ಲಕ್ಷ ಜನ ಹೊರಬಂದರು. ಮುಷ್ಕರದ ನಾಯಕ ಡಾಕ್ಟರ್ ದತ್ತಾ ಸಾಮಂತ್ ಹಾಳು ಮಾಡಿದರು ಅಂತ ಈಗ ಎಲ್ಲರೂ ಸುಲಭವಾಗಿ ಹೇಳುತ್ತಾರೆ. ಆದರೆ ಕಾರ್ಮಿಕರೇ ಅವರ ಮನೆ ಬಾಗಿಲಿಗೆ ಹೋಗಿದ್ದರು. 1946ರ ಕಾನೂನಿನ ಪ್ರಕಾರ ಮಾಲೀಕರ ಜೊತೆ ಮಾತಾಡುವ ಹಕ್ಕು ಮಾನ್ಯತೆ ಪಡೆದ ಒಂದೇ ಯೂನಿಯನ್ನಿಗೆ. ಆ ಯೂನಿಯನ್ ನಮ್ಮ ಮಾತು ಕೇಳುತ್ತಿಲ್ಲ ಅಂತ ಜನಕ್ಕೆ ಸಿಟ್ಟು. ಬೇರೆ ನಾಯಕ ಬೇಕಿತ್ತು, ಹುಡುಕಿಕೊಂಡರು.

ಆಮೇಲೆ ಏನಾಯಿತು ಅಂದರೆ, ನಡುವೆ ನಿಂತು "ಡಾಕ್ಟರ್, ಇಷ್ಟಕ್ಕೆ ಒಪ್ಪಿಕೊಳ್ಳೋಣ" ಅಂತ ಹೇಳುವ ಜಾಗ ಯಾರಿಗೂ ಉಳಿಯಲಿಲ್ಲ. ಹೇಳಿದವನು ದ್ರೋಹಿ. ಅಪ್ಪ ಮನೆಯಲ್ಲಿ ಅಮ್ಮನ ಹತ್ತಿರ ಹೇಳುತ್ತಿದ್ದರು, ಚಾಳಿನ ಕೆಳಗಿಳಿದರೆ ಬಾಯಿ ಮುಚ್ಚುತ್ತಿದ್ದರು. ಎಷ್ಟೋ ಮಿಲ್ಲುಗಳು ಮತ್ತೆ ತೆರೆಯಲೇ ಇಲ್ಲ. ಅಷ್ಟು ಪ್ರೀತಿಸಿದ ನಾಯಕನಿಗೂ ನಿಜ ಹೇಳೋಕೆ ಆಗದಿದ್ದರೆ ಅದು ಎಂಥಾ ಸಂಬಂಧ ಅಂತ ನಾನು ಇವತ್ತಿಗೂ ಯೋಚಿಸುತ್ತೇನೆ.

ಮಾಟುಂಗಾ ಮಾಮ (11:24)

ಯೂನಿಯನ್ ಮಾತು ಬಂದರೆ ನಮ್ಮ ಜಾರ್ಜ್ ಫೆರ್ನಾಂಡಿಸ್ ಅವರನ್ನು ಬಿಡೋದು ಹೇಗೆ? ಮಂಗಳೂರಿನ ಹುಡುಗ. 1949ರಲ್ಲಿ ಬೊಂಬಾಯಿಗೆ ಬಂದು ಚೌಪಾಟಿಯಲ್ಲಿ ಮಲಗಿದವರು. ಟ್ಯಾಕ್ಸಿಯವರ ಜೊತೆ, ಬಸ್ಸಿನವರ ಜೊತೆ ಓಡಾಡಿ ಮೇಲೆ ಬಂದರು. 1967ರಲ್ಲಿ ಕಾಂಗ್ರೆಸ್ಸಿನ ಎಸ್.ಕೆ. ಪಾಟೀಲರಂಥ ದೊಡ್ಡವರನ್ನು ದಕ್ಷಿಣ ಬೊಂಬಾಯಿಯಲ್ಲಿ ಸೋಲಿಸಿದರು. ಹೋಟೆಲ್ ಹುಡುಗರಿಗೆಲ್ಲ ಅವತ್ತು ತಾವೇ ಗೆದ್ದ ಹಾಗೆ. ಕೆಳಗಿನವರ ಜೊತೆ ಕೆಳಗೇ ಮಲಗಿದವನ ಮಾತಿಗೆ ತೂಕ ಬೇರೆ.

ಡೊಂಬಿವಲಿ ಲೋಕಲ್ (11:30)

ತೂಕ ಇತ್ತು ಮಾಮ, ಒಪ್ಪಿದೆ. 1974ರ ಮೇ 8ಕ್ಕೆ ಅವರು ಕರೆ ಕೊಟ್ಟಾಗ ರೈಲುಗಳು ನಿಂತವು. ಆದರೆ ಅದೇ ತಿಂಗಳ 27ಕ್ಕೆ ಮುಷ್ಕರ ವಾಪಸ್ ಆಯಿತು, ಕೆಲಸ ಕಳಕೊಂಡವರು, ಜೈಲಿಗೆ ಹೋದವರು ಸಾವಿರಾರು. ನಾಯಕನ ಮೇಲಿನ ಪ್ರೀತಿಗೆ ಹಿಂದೆ ನಡೆದವರೂ ಬೆಲೆ ಕೊಡುತ್ತಾರೆ.

ಹಿಂಜವಡಿ ಹುಡುಗ (11:33)

ರೈಲು ಮುಷ್ಕರದಿಂದ ವಾಪಸ್ ಚಾಕಣ್‌ಗೆ ಬನ್ನಿ ಪ್ಲೀಸ್. ಅಕ್ಕನ ಪ್ರಶ್ನೆ ಉಳಿದಿದೆ.

ರಾತ್ರಿಪಾಳಿ ನರ್ಸ್ (ಭಾನುವಾರ, ಬೆಳಗ್ಗೆ 6:50)

ಡ್ಯೂಟಿ ಮುಗಿಸಿ ಈಗ ಓದಿದೆ. ನಾನು ಮುಂಬಯಿಯ ಒಂದು ಆಸ್ಪತ್ರೆಯಲ್ಲಿದ್ದೇನೆ. ಅಕ್ಕ "ಸುಮ್ನೆ ಟ್ರೇಗೆ ಹಾಕಿಬಿಡುತ್ತಿದ್ದರು" ಅಂತ ಬರೆದಿದ್ದಾರಲ್ಲ, ಈ ಚರ್ಚೆಯಲ್ಲಿ ಮುಖ್ಯ ಸಾಲು ಅದೇ. ಯಾರೂ ಅದನ್ನು ಹಿಡಿಯಲಿಲ್ಲ.

ಏಮಿ ಎಡ್ಮಂಡ್ಸನ್ ಅನ್ನುವ ಸಂಶೋಧಕಿ 1990ರ ದಶಕದಲ್ಲಿ ಅಮೆರಿಕದ ಆಸ್ಪತ್ರೆಗಳಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳನ್ನು ನೋಡುತ್ತಿದ್ದರು. ಒಳ್ಳೆಯ ತಂಡದಲ್ಲಿ ತಪ್ಪು ಕಡಿಮೆ ಇರುತ್ತದೆ ಅಂತ ಅವರ ಅಂದಾಜು. ಲೆಕ್ಕ ಉಲ್ಟಾ ಬಂತು. ಒಳ್ಳೆಯ ನರ್ಸ್ ಮ್ಯಾನೇಜರ್ ಇರುವ ವಾರ್ಡಿನಲ್ಲೇ ಜಾಸ್ತಿ ತಪ್ಪು ದಾಖಲಾಗಿತ್ತು. ಒಳಗೆ ಹೋಗಿ ನೋಡಿದರೆ, ಅಲ್ಲಿ ತಪ್ಪು ಹೇಳಿಕೊಳ್ಳೋಕೆ ಹೆದರಿಕೆ ಇರಲಿಲ್ಲ. ಬೇರೆ ವಾರ್ಡಿನಲ್ಲಿ ತಪ್ಪು ಆಗುತ್ತಲೇ ಇತ್ತು, ಮುಚ್ಚಿಡುತ್ತಿದ್ದರು.

ನಮ್ಮಲ್ಲಿ ನಾನು ಎರಡೂ ಥರದ ಸಿಸ್ಟರ್ ಇನ್‌ಚಾರ್ಜ್ ಕೈಕೆಳಗೆ ಇದ್ದೆ. ಒಬ್ಬರ ಕಾಲದಲ್ಲಿ ಡ್ರಿಪ್ ರೇಟ್ ತಪ್ಪಾದರೆ ಮೊದಲು ಫೈಲ್ ತಿದ್ದು ಅನ್ನುತ್ತಿದ್ದರು ಜೊತೆಯವರು. ಇನ್ನೊಬ್ಬರು ಬಂದ ಮೇಲೆ ಮೊದಲ ಪ್ರಶ್ನೆ "ಪೇಷೆಂಟ್ ಹೇಗಿದ್ದಾರೆ?" ಎರಡನೆಯದು "ಏನಾಯ್ತು?" ಯಾರು ಮಾಡಿದ್ದು ಅನ್ನೋದು ಮೂರನೆಯದು, ಅದೂ ಬಾಗಿಲು ಹಾಕಿ. ಅವರೂ ಕಟ್ಟುನಿಟ್ಟೇ. ಕೈ ತೊಳೆಯದೆ ಬೆಡ್ ಹತ್ತಿರ ಹೋದರೆ ಡಾಕ್ಟರನ್ನೂ ಬಿಡುತ್ತಿರಲಿಲ್ಲ. ಪಿಂಪ್ರಿ ಅಣ್ಣ ಹೇಳುವ ಗಟ್ಟಿ ಕೈಗೂ ಹೆದರಿಸೋದಕ್ಕೂ ಸಂಬಂಧವೇ ಇಲ್ಲ.

ವಾಸ್ಕೋ ಬಂದರು (8:05)

ನರ್ಸ್ ಅಕ್ಕನ ಮಾತು ನೂರಕ್ಕೆ ನೂರು ನಿಜ. ನಾನು ಗೋವಾದಲ್ಲಿ ಹಡಗಿನ ಕೆಲಸದವನು. ನಮ್ಮಲ್ಲಿ ಕ್ಯಾಪ್ಟನ್ ಮಾತೇ ಕೊನೆಯ ಮಾತು, ಅದು ಬೇಕು ಕೂಡ. ಬಿರುಗಾಳಿಯಲ್ಲಿ ಓಟು ಹಾಕೋಕಾಗಲ್ಲ. ಆದರೆ ಕರಾವಳಿಯವರಾದ ನಾವು ಒಂದನ್ನು ಮರೆಯಬಾರದು. 2010ರ ಮೇ 22ರ ಮಂಗಳೂರು ವಿಮಾನ ದುರಂತ. 158 ಜನ ಹೋದರು, ಉಳಿದವರು 8. ತನಿಖೆಯ ವರದಿ ಏನು ಹೇಳಿತು ಗೊತ್ತಾ? ವಿಮಾನ ಸರಿಯಾದ ಎತ್ತರದಲ್ಲಿ ಬರುತ್ತಿಲ್ಲ, ಇಳಿಸೋದು ಬೇಡ, ಮತ್ತೆ ಮೇಲೇರಿಸೋಣ ಅಂತ ಜೊತೆಯ ಪೈಲಟ್ ಮೂರು ಸಲ ಹೇಳಿದ್ದರು. ಯಂತ್ರವೂ ಎಚ್ಚರಿಕೆ ಕೂಗುತ್ತಿತ್ತು. ಕ್ಯಾಪ್ಟನ್ ಇಳಿಸಿಯೇ ಬಿಟ್ಟರು.

ಮೂರು ಸಲ ಹೇಳಿದ್ದರು ಅನ್ನೋದನ್ನು ನೆನೆಸಿದರೆ ಹೊಟ್ಟೆ ಕಿವುಚುತ್ತದೆ. ಕೆಳಗಿನವರು ಧೈರ್ಯ ಮಾಡಿ ಹೇಳಬೇಕು ಅಂತ ಎಲ್ಲರೂ ಬುದ್ಧಿ ಹೇಳುತ್ತಾರೆ. ಇಲ್ಲಿ ಹೇಳಿದ್ದರು. ಮೇಲಿನವರ ಕಿವಿಗೆ ಬೀಳಲಿಲ್ಲ. 1977ರಲ್ಲಿ ಸ್ಪೇನಿನ ಟೆನೆರಿಫೆ ದ್ವೀಪದಲ್ಲಿ ಎರಡು ವಿಮಾನ ರನ್‌ವೇ ಮೇಲೆ ಗುದ್ದಿ 583 ಜನ ಸತ್ತಾಗಲೂ ಎಂಜಿನಿಯರ್ ಅನುಮಾನ ಎತ್ತಿದ್ದರು, ಕ್ಯಾಪ್ಟನ್ ತಳ್ಳಿಹಾಕಿದ್ದರು. ಅಂಥ ಅಪಘಾತಗಳಾದ ಮೇಲೆಯೇ ಹಿರಿಯ ಪೈಲಟ್‌ಗಳಿಗೂ ಕಿರಿಯರ ಮಾತು ಕೇಳುವ ತರಬೇತಿ ಶುರುವಾದದ್ದು. ಅದು ಒಳ್ಳೆಯ ಗುಣ ಅಂತ ಬಿಟ್ಟರೆ ಸಾಲದು, ಕಲಿಸಬೇಕು, ಪರೀಕ್ಷೆ ಮಾಡಬೇಕು.

ಘಾಟ್ಕೋಪರ್ ಹುಡುಗಿ (8:20)

ಆ ವಿಮಾನದಲ್ಲಿ ನಮ್ಮೂರ ಕಡೆಯವರೂ ಇದ್ದರು. ಈ ಮೂರು ಸಲದ ವಿಷಯ ನನಗೆ ಇವತ್ತೇ ಗೊತ್ತಾಗಿದ್ದು. ಓದಿ ಸುಮ್ಮನೆ ಕೂತಿದ್ದೇನೆ.

ಬ್ಯಾಂಕ್ ಕೌಂಟರ್ (10:15)

ಎಲ್ಲರೂ ದೊಡ್ಡ ದೊಡ್ಡ ವಿಷಯ ಹೇಳಿದ್ದೀರಿ. ನಾನು ಅಕ್ಕನಿಗೆ ಸ್ವಲ್ಪ ಕಹಿಯಾದ ಒಂದು ಪ್ರಶ್ನೆ ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಹಳೇ ಸಾಹೇಬರು ನಿಪ್ಪಾಣಿಯವರು ಅಂದಿರಿ. ನಿಮ್ಮ ಜೊತೆ ಕನ್ನಡ ಮಾತಾಡುತ್ತಿದ್ದರಾ?

ಯಾಕೆ ಕೇಳಿದೆ ಅಂದರೆ, ನಾನು ಬ್ಯಾಂಕಿನವನು. ನಮ್ಮ ಕರಾವಳಿಯ ಬ್ಯಾಂಕುಗಳು 2019, 2020ರಲ್ಲಿ ಒಂದೊಂದಾಗಿ ವಿಲೀನ ಆದವಲ್ಲ. ವಿಜಯಾ ಬ್ಯಾಂಕು ಬರೋಡಾಕ್ಕೆ, ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿಗೆ, ಸಿಂಡಿಕೇಟು ಕೆನರಾಕ್ಕೆ. ಅದಕ್ಕೆ ಮೊದಲು ಮುಂಬಯಿಯ ಎಷ್ಟೋ ಶಾಖೆಗಳಲ್ಲಿ ಮ್ಯಾನೇಜರ್ ನಮ್ಮವರು, ಅರ್ಧ ಸ್ಟಾಫ್ ನಮ್ಮವರು. ತುಳುವಿನಲ್ಲೋ ಕನ್ನಡದಲ್ಲೋ ಮಾತು, ಊರ ಸುದ್ದಿ, ರಜೆಗೆ ಸುಲಭ ಒಪ್ಪಿಗೆ. ನಮಗೆ ಅದು ಮನೆ. ನನ್ನ ಪಕ್ಕದ ಕೌಂಟರಿನ ಮರಾಠಿ ಹೆಂಗಸಿಗೆ ಹೇಗಿತ್ತು ಅಂತ ವಿಲೀನ ಆದಮೇಲೆ ಅವರೇ ಹೇಳಿದರು. ನೀವು ನಗುವಾಗ ಯಾಕೆ ನಗುತ್ತಿದ್ದೀರಿ ಅಂತ ನನಗೆ ಗೊತ್ತಾಗುತ್ತಿರಲಿಲ್ಲ ಅಂದರು.

ಮುಲುಂಡ್ ಮೇಡಂ (10:40)

ಇದರ ಮೇಲೂ ಕೆಲಸ ಆಗಿದೆ. ಒಬ್ಬ ನಾಯಕ ಎಲ್ಲರನ್ನೂ ಒಂದೇ ರೀತಿ ನಡೆಸಿಕೊಳ್ಳುತ್ತಾನೆ ಅಂತ ಮೊದಲು ಅಂದುಕೊಂಡಿದ್ದರು. 1975ರಲ್ಲಿ ಜಾರ್ಜ್ ಗ್ರೇನ್ ಮತ್ತು ಜೊತೆಗಾರರು ಇಲ್ಲ ಅಂದರು. ನಾಯಕನಿಗೂ ಒಬ್ಬೊಬ್ಬ ಕೆಲಸಗಾರನಿಗೂ ಬೇರೆ ಬೇರೆ ಸಂಬಂಧ ಬೆಳೆಯುತ್ತದೆ. ಕೆಲವರು ಒಳಗಿನವರು. ಅವರಿಗೆ ನಂಬಿಕೆ, ಮಾಹಿತಿ, ಒಳ್ಳೆಯ ಕೆಲಸ ಸಿಗುತ್ತದೆ. ಉಳಿದವರು ಹೊರಗಿನವರು. ಅವರದ್ದು ಬರೀ ಡ್ಯೂಟಿ, ಸಂಬಳ. ಒಂದೇ ಸಾಹೇಬರ ಬಗ್ಗೆ ಒಂದೇ ಲೈನ್‌ನವರು ಎರಡು ಥರ ಹೇಳೋದು ಅದಕ್ಕೇ.

ಚಾಕಣ್ ಲೈನ್ (11:05)

ಬ್ಯಾಂಕ್ ಅಣ್ಣಾ, ಹೌದು, ಕನ್ನಡ ಮಾತಾಡುತ್ತಿದ್ದರು. ಆದರೆ ಅಡ್ವಾನ್ಸ್ ಕೊಡಿಸಿದ್ದು ಕನ್ನಡದವಳು ಅಂತ ಅಲ್ಲ. ಮರಾಠಿ ಹುಡುಗಿಯರಿಗೂ ಕೊಡಿಸಿದ್ದಾರೆ, ಸಾತಾರಾದ ಹುಡುಗನ ಮದುವೆಗೆ ಹೋಗಿದ್ದಾರೆ. ಹಾಗೆ ಅನ್ನಬೇಡಿ.

ಬ್ಯಾಂಕ್ ಕೌಂಟರ್ (11:12)

ಅವರು ಒಳ್ಳೆಯವರು ಅನ್ನೋದರಲ್ಲಿ ನನಗೆ ಅನುಮಾನವೇ ಇಲ್ಲ. ಲೈನ್‌ನಲ್ಲಿ ಎಲ್ಲರೂ ಹೇಳುತ್ತಾರೆ ಅಂತ ಬರೆದಿದ್ದೀರಲ್ಲ, ಆ "ಎಲ್ಲರೂ" ಯಾರು ಅಂತ ಒಂದು ಸಲ ಕೇಳಿ ನೋಡಿ.

ಪಿಂಪ್ರಿ ಫಿಟ್ಟರ್ (11:30)

ನಮ್ಮ ಭಾಷೆಯವರು ಸಿಕ್ಕರೆ ಮಾತಾಡದೆ ಇರೋಕಾಗುತ್ತಾ? ಪರಊರಿನಲ್ಲಿ ಅದೇ ಜೀವ. ಊಟದ ಹೊತ್ತಲ್ಲಿ ಕನ್ನಡ ಮಾತಾಡೋದೂ ತಪ್ಪು ಅಂದರೆ ನಾನು ಒಪ್ಪಲ್ಲ.

ಬ್ಯಾಂಕ್ ಕೌಂಟರ್ (11:38)

ಊಟದ ಹೊತ್ತಲ್ಲಿ ಧಾರಾಳವಾಗಿ ಮಾತಾಡಿ. ಕೆಲಸ ಹಂಚುವಾಗ, ರಜೆ ಕೊಡುವಾಗ ಎಲ್ಲರಿಗೂ ತಿಳಿಯುವ ಭಾಷೆ. ಇಷ್ಟೇ ನನ್ನ ಮಾತು.

ಡೊಂಬಿವಲಿ ಲೋಕಲ್ (ಸಂಜೆ 5:20)

ಮೇಲಿನವರೂ ಕೆಳಗಿನವರೂ ಅಂತ ಇಷ್ಟು ಮಾತಾಡುತ್ತಿದ್ದೀವಿ. ಮನೆ ಊಟದ ಡಬ್ಬ ಆಫೀಸಿಗೆ ಮುಟ್ಟಿಸುವ ಡಬ್ಬಾವಾಲಾಗಳನ್ನು ದಿನಾ ಲೋಕಲ್‌ನಲ್ಲಿ ನೋಡುತ್ತೇನೆ. 1890ರಿಂದ ನಡೆಯುತ್ತಿರುವ ಕೆಲಸ. ಕೋವಿಡ್‌ಗೆ ಮೊದಲು ಸುಮಾರು 5000 ಜನ ಇದ್ದರು. ಸಣ್ಣ ಸಣ್ಣ ಗುಂಪು, ಪ್ರತಿ ಗುಂಪಿಗೆ ಒಬ್ಬ ಮುಕಾದಂ. ಅವನು ಹೊರಗಿನಿಂದ ಬಂದ ಮ್ಯಾನೇಜರ್ ಅಲ್ಲ. ಅದೇ ಕೆಲಸ ಮಾಡಿ ಮೇಲೆ ಬಂದವನು. ಡಬ್ಬ ವಿಂಗಡಿಸುತ್ತಾನೆ, ಜಗಳ ಬಿಡಿಸುತ್ತಾನೆ, ಯಾರಾದರೂ ಬರದಿದ್ದರೆ ತಾನೇ ಹೊರುತ್ತಾನೆ. ಗುಂಪಿನ ಲೆಕ್ಕ ಗುಂಪಿನ ಎದುರಿಗೇ ಆಗುತ್ತದೆ. ಚಾಕಣ್ ಅಕ್ಕ, ನೀವೂ ಅದೇ ಲೈನ್‌ನಿಂದ ಮೇಲೆ ಬರುತ್ತಿದ್ದೀರಿ. ನಿಮಗೆ ಸಾಹೇಬರಿಗಿಂತ ಮುಕಾದಂ ಹತ್ತಿರ.

ಹಿಂಜವಡಿ ಹುಡುಗ (5:41)

ಆದರೆ ಅಲ್ಲಿ ಎಲ್ಲರೂ ಒಂದೇ ಊರು ಕಡೆಯವರು, ನೆಂಟರು. ಚಾಕಣ್ ಲೈನ್‌ನಲ್ಲಿ ನಾಲ್ಕು ರಾಜ್ಯದವರು ಇರ್ತಾರೆ. ಅಷ್ಟು ಸುಲಭ ಅಲ್ಲ.

ಚಾಕಣ್ ಲೈನ್ (ಸೋಮವಾರ, ರಾತ್ರಿ 8:45)

ಇವತ್ತು ಬ್ಯಾಂಕ್ ಅಣ್ಣ ಹೇಳಿದ ಹಾಗೆ ಕೇಳಿದೆ. ನಮ್ಮ ಲೈನ್‌ನ ಕೊನೆಯಲ್ಲಿ ಟೇಪ್ ಸುತ್ತುವ, ಪ್ಯಾಕಿಂಗ್ ಮಾಡುವ ಹುಡುಗರು ಕಾಂಟ್ರಾಕ್ಟ್‌ನವರು. ಒಡಿಶಾ, ಬಿಹಾರದಿಂದ ಬಂದವರು. ಯಾವ ಸಾಹೇಬರು ಚೆನ್ನಾಗಿದ್ದರು ಅಂತ ಒಬ್ಬ ಹುಡುಗನನ್ನು ಕೇಳಿದೆ. ಅವನು ಸ್ವಲ್ಪ ಹೊತ್ತು ಯೋಚಿಸಿದ. ಇಬ್ಬರೂ ನನ್ನ ಜೊತೆ ಮಾತಾಡಿಲ್ಲ ದೀದಿ, ಹೇಳೋದಿದ್ದರೆ ಠೇಕೇದಾರನಿಗೆ ಹೇಳುತ್ತಾರೆ ಅಂದ. ಅಡ್ವಾನ್ಸ್, ಮದುವೆಗೆ ಬರೋದು ಇದೆಲ್ಲ ಅವನಿಗೆ ಗೊತ್ತೇ ಇಲ್ಲ. ಸೋಮವಾರದ ಮೀಟಿಂಗ್‌ಗೂ ಅವರನ್ನು ಕರೆಯೋದಿಲ್ಲ.

ಇನ್ನೊಂದು ಮಾತು ಹೇಳಿದ. ಸಡಿಲ ಕ್ರಿಂಪ್ ಟೇಪ್ ಸುತ್ತುವಾಗ ಕೈಗೆ ಗೊತ್ತಾಗುತ್ತದಂತೆ. ವೈರ್ ಜಾರುತ್ತದಂತೆ. ಆ ವಾಪಸ್ ಬಂದ ಲಾಟ್‌ನಲ್ಲೂ ಗೊತ್ತಾಗಿತ್ತು ಅಂದ. ಯಾಕೆ ಹೇಳಲಿಲ್ಲ ಅಂದರೆ, ಯಾರಿಗೆ ಹೇಳಲಿ ಅಂತ ನನ್ನನ್ನೇ ಕೇಳಿದ.

ಇದನ್ನು ಬರೆಯುವಾಗಲೂ ಕೈ ನಡುಗುತ್ತಿದೆ. ಆ ಹುಡುಗಿ ಅತ್ತಿದ್ದು ಬೇಕಿರಲಿಲ್ಲ.

ರಾತ್ರಿಪಾಳಿ ನರ್ಸ್ (9:02)

ಅಕ್ಕಾ, ಹಾಗಾದರೆ ಶಿಫ್ಟ್ ಶುರುವಾಗುವಾಗ ನಿಂತಲ್ಲೇ ಐದು ನಿಮಿಷ ಮಾತು ಇಟ್ಟುಕೊಳ್ಳಿ, ಕಾಂಟ್ರಾಕ್ಟ್ ಹುಡುಗರನ್ನೂ ಸೇರಿಸಿ. ನಮ್ಮ ಹ್ಯಾಂಡೋವರ್ ಹಾಗೇ ನಡೆಯುತ್ತದೆ. ನಿನ್ನೆ ಏನು ಅನುಮಾನ ಬಂತು ಅಂತ ಕೇಳಿ. ಮೊದಲು ಆ ಹುಡುಗನನ್ನೇ ಕೇಳಿ. ಕಿರಿಯರು ಮೊದಲು ಮಾತಾಡಬೇಕು. ನೀವು ಮೊದಲು ಮಾತಾಡಿದರೆ ಎಲ್ಲರೂ ನಿಮ್ಮ ಮಾತನ್ನೇ ತಿರುಗಿ ಹೇಳುತ್ತಾರೆ.

ಪಿಂಪ್ರಿ ಫಿಟ್ಟರ್ (9:15)

ಕ್ರಿಂಪ್ ಸಡಿಲ ಅಂದರೆ ಆಪರೇಟರ್ ಕೈ ಒಂದೇ ಕಾರಣ ಅಲ್ಲ ತಂಗಿ. ಕ್ರಿಂಪ್ ಒತ್ತುವ ಟೂಲ್, ಅಂದರೆ ಅಪ್ಲಿಕೇಟರ್ ಸವೆದರೆ ಕ್ರಿಂಪ್ ಹೈಟ್ (ಒತ್ತಿದ ಜಾಗದ ಎತ್ತರ) ಏರುತ್ತದೆ. ವೈರ್ ಗೇಜ್‌ಗೆ ಟರ್ಮಿನಲ್ ತಪ್ಪಿದರೂ ಸಡಿಲ. ಆ ಲಾಟ್‌ನ ದಿನದ ಮೈಕ್ರೋಮೀಟರ್ ರೀಡಿಂಗ್, ಟೂಲ್ ಕೊನೆಗೆ ಯಾವಾಗ ಬದಲಾಯಿಸಿದರು ಅನ್ನೋದು ತೆಗೆಸಿ ನೋಡಿ. ಹೆಸರು ಹಾಕಿ ಮೇಲ್ ಕಳಿಸಿದವರು ಟೂಲ್ ನೋಡಿದರಾ?

ಚಾಕಣ್ ಲೈನ್ (9:24)

ನೋಡಿಲ್ಲ ಅನಿಸುತ್ತದೆ ಅಣ್ಣಾ. ನಾಳೆ ಟೂಲ್ ರೂಮಿನಲ್ಲಿ ಕೇಳುತ್ತೇನೆ. ಆದರೆ ಮೇಲ್‌ನಲ್ಲಿ ಹೆಸರು ಹಾಕಬೇಡಿ ಅಂತ ಹೊಸ ಸಾಹೇಬರಿಗೆ ಹೇಗೆ ಹೇಳೋದು? ಲೀಡರ್ ಆಗುವ ಮೊದಲೇ ಎದುರು ಮಾತಾಡಿದಳು ಅಂದುಕೊಂಡರೆ?

ಮಾಟುಂಗಾ ಮಾಮ (9:30)

ಅಂದುಕೊಳ್ಳಲಿ. ಆ ಹುಡುಗಿ ಪರವಾಗಿ ಮಾತಾಡು ಮಗಳೇ.

ಘಾಟ್ಕೋಪರ್ ಹುಡುಗಿ (9:33)

ಮಾಮನ ಮಾತಿಗೆ ನನ್ನದೂ ಹೌದು.

ಬ್ಯಾಂಕ್ ಕೌಂಟರ್ (9:47)

ಮೀಟಿಂಗ್‌ನಲ್ಲಿ ಎಲ್ಲರ ಎದುರು ಬೇಡ. ಒಬ್ಬರೇ ಹೋಗಿ, ಶಿಫ್ಟ್ ಮುಗಿದ ಮೇಲೆ. ಮೊದಲು ಟೂಲ್ ರೀಡಿಂಗ್ ಕೈಗೆ ಕೊಡಿ. ಆಮೇಲೆ ಟೇಪ್ ಹುಡುಗ ಹೇಳಿದ್ದನ್ನು ಹೇಳಿ, ಅವನ ಹೆಸರು ಹೇಳಬೇಡಿ. ಈ ತಪ್ಪು ನಮ್ಮ ಲೈನ್‌ನಲ್ಲೇ ಗೊತ್ತಿತ್ತು ಸರ್, ಹೆಸರು ಹೊರಗೆ ಹೋಗುತ್ತದೆ ಅನ್ನುವ ಹೆದರಿಕೆಗೆ ಮುಂದಿನದೂ ನಿಮಗೆ ಗೊತ್ತಾಗೋದಿಲ್ಲ ಅಂತ ಮರಾಠಿಯಲ್ಲೇ ಹೇಳಿ. ಅವರು ವಯಸ್ಸಿನಲ್ಲಿ ಚಿಕ್ಕವರು ಅಂದಿರಿ, ಅವರ ಮೇಲೂ ಯಾರೋ ಒತ್ತಡ ಹಾಕಿ ಹೆಸರು ಕೇಳಿರಬಹುದು. ಅದನ್ನೂ ಕೇಳಿ. ಅವರ ಉತ್ತರ ಏನೇ ಬಂದರೂ ಆ ಟೂಲ್ ರೀಡಿಂಗಿನ ಒಂದು ಕಾಪಿ ನಿಮ್ಮ ಹತ್ತಿರ ಇರಲಿ, ಆ ಹುಡುಗಿಯ ಫೈಲಿಗೂ ಒಂದು ಹೋಗಲಿ.